ಸಹಾಯ ಬೇಕು: ಅಂಡಾಶಯದ ಗಡ್ಡೆಗೆ ಲ್ಯಾಪರೋಸ್ಕೋಪಿ, ಹಾಸನದಲ್ಲೇ ಮಾಡಿಸಬಹುದಾ?

ನಮಸ್ಕಾರ. ನಾವು ಸಕಲೇಶಪುರದ ಕಡೆಯವರು. ಅಕ್ಕನಿಗೆ 38 ವರ್ಷ. ಸ್ಕ್ಯಾನಿಂಗ್‌ನಲ್ಲಿ ಎಡ ಅಂಡಾಶಯದಲ್ಲಿ 7 ಸೆಂ.ಮೀ. ಗಡ್ಡೆ ಕಂಡಿದೆ. ಡರ್ಮಾಯ್ಡ್ ಇರಬಹುದು, ಒಳಗೆ ಕೊಬ್ಬು, ಕೂದಲು ಇರುತ್ತೆ ಎಂದರು. ಅಂಡಾಶಯದ ಕ್ಯಾನ್ಸರ್ ಅನುಮಾನಕ್ಕೆ ಮಾಡಿಸುವ ಸಿಎ-125 ರಕ್ತ ಪರೀಕ್ಷೆಯಲ್ಲಿ ಬಂದಿರುವುದು 41, ಮಾಮೂಲಿ ಮಿತಿ 35. ಗರ್ಭಕೋಶದಲ್ಲಿ ಫೈಬ್ರಾಯ್ಡ್ (ಕ್ಯಾನ್ಸರ್ ಅಲ್ಲದ ಗಡ್ಡೆ) ಇದ್ದರೂ, ಮುಟ್ಟಿನ ಸಮಯದಲ್ಲೂ ಇದು ಏರಬಹುದು, ಈಗಲೇ ಹೆದರಬೇಡಿ ಎಂದರು ಡಾಕ್ಟರ್. ಅಮ್ಮ ಮಾತ್ರ ಆ ರಿಪೋರ್ಟ್ ಹಿಡಿದೇ ಕೂತಿದ್ದಾರೆ.

ಲ್ಯಾಪರೋಸ್ಕೋಪಿ ಅಂದರೆ ಸಣ್ಣ ರಂಧ್ರದ ಕೀಹೋಲ್ ಆಪರೇಷನ್‌ನಲ್ಲಿ ಗಡ್ಡೆ ಒಳಗೆ ಒಡೆದು ಚೆಲ್ಲದಂತೆ ಚೀಲಕ್ಕೆ ಹಾಕಿ ತೆಗೆಯುತ್ತಾರಂತೆ, ಆಮೇಲೆ ಬಯಾಪ್ಸಿ. ಆಪರೇಷನ್ ನಡೆಯುವಾಗಲೇ ಪರೀಕ್ಷಿಸುವ ಫ್ರೋಜನ್ ಸೆಕ್ಷನ್ ಹಾಸನದಲ್ಲಿ ಎಲ್ಲಾದರೂ ಇದೆಯಾ? ಅದಕ್ಕೆ ಬೆಂಗಳೂರಿಗೇ ಹೋಗಬೇಕಾ? ಹಿಮ್ಸ್‌ನಲ್ಲಿ (ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಮಾಡಿಸಿಕೊಂಡವರಿದ್ದರೆ ದಯವಿಟ್ಟು ಹೇಳಿ. ಅಂಡಾಶಯ ಉಳಿಸಿದರಾ? ಆಯುಷ್ಮಾನ್ ಕಾರ್ಡ್ ನಡೆಯಿತಾ? ಕಾಫಿ ಕೊಯ್ಲಿಗೆ ಮುಂಚೆ ಮುಗಿಸಬೇಕು.

ನಾಟಿ ಔಷಧಿ ಸಲಹೆ ಮಾತ್ರ ಬೇಡ, ಬೇಜಾರು ಮಾಡ್ಕೋಬೇಡಿ.