ಎಲ್‌ಎಫ್‌ಆರ್ ಗ್ರಾಫ್: ಕಮ್ಯುನಿಟಿ ಹಂಚುವಾಗ ಎರರ್, ಬಂದ ಗ್ರಾಫಿನಲ್ಲೂ ಮ್ಯೂ ತಾಳೆಯಾಗುತ್ತಿಲ್ಲ

ಪ್ರಶ್ನೆ | ನೋಡ್‌ಮಾಲೆ
ಗ್ರಾಫಿನಲ್ಲಿ ಕಮ್ಯುನಿಟಿ (ತಮ್ಮೊಳಗೆ ಹೆಚ್ಚು ಜೋಡಣೆಯಿರುವ ನೋಡ್‌ಗಳ ಗುಂಪು) ಹುಡುಕುವ ಲೂವೈನ್, ಲೈಡನ್ ಅಲ್ಗಾರಿದಂ ಎರಡನ್ನೂ ಹೋಲಿಸಲು ಪೈಥಾನ್ ಲೈಬ್ರರಿ ನೆಟ್‌ವರ್ಕ್‌ಎಕ್ಸ್‌ನಲ್ಲಿ ಎಲ್‌ಎಫ್‌ಆರ್ ಗ್ರಾಫ್ (ಕಮ್ಯುನಿಟಿಗಳು ಮೊದಲೇ ಗೊತ್ತಿರುವ ಕೃತಕ ಪರೀಕ್ಷಾ ಗ್ರಾಫ್) ಮಾಡಿಸುತ್ತಿದ್ದೇನೆ. ನೋಡ್ 1000, ಟೌ-1 (ಡಿಗ್ರಿ ಹಂಚಿಕೆಯ ಘಾತಾಂಕ) = 2, ಟೌ-2 (ಕಮ್ಯುನಿಟಿ ಗಾತ್ರದ ಹಂಚಿಕೆಯ ಘಾತಾಂಕ) = 1.1, ಸರಾಸರಿ ಡಿಗ್ರಿ (ಒಂದು ನೋಡಿಗಿರುವ ಎಡ್ಜ್ ಅಂದರೆ ಕೊಂಡಿಗಳ ಸಂಖ್ಯೆ) 20, ಕಮ್ಯುನಿಟಿ ಗಾತ್ರ 10ರಿಂದ 50, ಮ್ಯೂ (ನೋಡಿನ ಎಡ್ಜ್‌ಗಳಲ್ಲಿ ಕಮ್ಯುನಿಟಿಯ ಹೊರಗೆ ಹೋಗುವ ಪಾಲು) 0.1. ಕಮ್ಯುನಿಟಿ ಹಂಚಲಾಗಲಿಲ್ಲ, ಕನಿಷ್ಠ ಗಾತ್ರ ಹೆಚ್ಚಿಸಿ ಎಂಬ ಎರರ್ ಬರುತ್ತದೆ. 20ಕ್ಕೆ ಏರಿಸಿದರೂ ಅದೇ ಹಾಡು. ಗರಿಷ್ಠ ಗಾತ್ರದ ಮಿತಿ ತೆಗೆದರೆ ಕೆಲವೊಮ್ಮೆ ಗ್ರಾಫ್ ಬರುತ್ತದೆ, ಆದರೆ ಒಂದೇ ಕಮ್ಯುನಿಟಿಯಲ್ಲಿ ನೂರಾರು ನೋಡ್ ಇರುತ್ತವೆ. ಅಳೆದ ಮ್ಯೂ ಕೂಡ ಬೇರೆ. ಎಲ್ಲಿ ತಪ್ಪುತ್ತಿದೆ?

ಉತ್ತರ | ಅಂಚುಗಣಿತ
ಎರರ್ ಕನಿಷ್ಠ ಗಾತ್ರದತ್ತ ಬೆರಳು ತೋರಿಸಿದರೂ ಕಾರಣ ಬೇರೆ. ನೀವು ಗರಿಷ್ಠ ಡಿಗ್ರಿ ಕೊಟ್ಟಿಲ್ಲ. ಕೊಡದಿದ್ದರೆ ಅದು ನೋಡ್‌ಗಳ ಸಂಖ್ಯೆಗೇ, ಅಂದರೆ 1000ಕ್ಕೆ, ನಿಲ್ಲುತ್ತದೆ. ಟೌ-1 2 ಇದ್ದಾಗ ಡಿಗ್ರಿ 300ರ ನೋಡ್ ಹುಟ್ಟುವುದು ಸಹಜ. ಮ್ಯೂ 0.1 ಎಂದರೆ ಅದರ 270 ಎಡ್ಜ್ ಸ್ವಂತ ಕಮ್ಯುನಿಟಿಯೊಳಗೇ ಇರಬೇಕು. 50 ನೋಡಿನ ಕಮ್ಯುನಿಟಿಯಲ್ಲಿ ಸಿಗುವುದು 49 ನೆರೆಯವರು ಮಾತ್ರ.

ಗರಿಷ್ಠ ಡಿಗ್ರಿ 50 ಕೊಡಿ. ಸರಾಸರಿ 20 ಬರಲು ಕನಿಷ್ಠ ಡಿಗ್ರಿ ತಾನಾಗಿ 10ರ ಆಸುಪಾಸಿಗೆ ಬರುತ್ತದೆ. ಅದನ್ನು ನೀವೂ ಕೊಡಬೇಡಿ, ಸರಾಸರಿ ಮತ್ತು ಕನಿಷ್ಠ ಎರಡನ್ನೂ ಕೊಟ್ಟರೆ ಒಪ್ಪುವುದಿಲ್ಲ. ಆದರೂ ಡಿಗ್ರಿ 50ರ ನೋಡಿಗೆ ಒಳಗೆ 45 ಎಡ್ಜ್ ಬೇಕು, ಹಾಗಾಗಿ ಕನಿಷ್ಠ 46 ನೋಡಿನ ಕಮ್ಯುನಿಟಿ ಒಂದಾದರೂ ಇರಲೇಬೇಕು. ಕೆಲವು ಸೀಡ್‌ಗಳಲ್ಲಿ (ಯಾದೃಚ್ಛಿಕ ಸಂಖ್ಯೆಗಳ ಆರಂಭದ ಬೆಲೆ) ಅಷ್ಟು ದೊಡ್ಡದು ಹುಟ್ಟುವುದೇ ಇಲ್ಲ. ಗಾತ್ರವನ್ನು 20ರಿಂದ 100 ಇಟ್ಟರೆ ಈ ತಲೆನೋವು ಬಹುಮಟ್ಟಿಗೆ ಹೋಗುತ್ತದೆ.

ಇನ್ನು ಮ್ಯೂ. ನೆಟ್‌ವರ್ಕ್‌ಎಕ್ಸ್‌ನಲ್ಲಿ ನೋಡ್‌ಗಳನ್ನು ಒಂದೊಂದಾಗಿ ಜೋಡಿಸುತ್ತಾರೆ: ಮೊದಲು ಒಳಗಿನ ಎಡ್ಜ್, ಆಮೇಲೆ ಹೊರಗಿನದು. ತಡವಾಗಿ ಸರದಿ ಬರುವ ನೋಡಿಗೆ ಅಷ್ಟರಲ್ಲೇ ಬೇರೆಯವರಿಂದ ಹೊರಗಿನ ಎಡ್ಜ್ ಬಂದಿರುತ್ತವೆ. ಅವೂ ಡಿಗ್ರಿಗೆ ಸೇರುವುದರಿಂದ ಒಳಗಿನ ಪಾಲು ಕಡಿಮೆ ಬೀಳುತ್ತದೆ. ಸೆಲ್ಫ್ ಲೂಪ್ (ನೋಡನ್ನು ಅದಕ್ಕೇ ಜೋಡಿಸುವ ಎಡ್ಜ್) ತೆಗೆದ ಮೇಲೆ ಪ್ರತಿ ನೋಡಿನ ಹೊರಗಿನ ಎಡ್ಜ್ ಪಾಲನ್ನು ಅಳೆದು ಸರಾಸರಿ ತೆಗೆಯಿರಿ. ಫಲಿತಾಂಶದ ಚಿತ್ರದಲ್ಲಿ ಆ ಅಳೆದ ಮ್ಯೂವನ್ನೇ ಹಾಕಿ, ಕೇಳಿದ್ದನ್ನಲ್ಲ.

ಉತ್ತರ | ಸೀಡ್42
2008ರ ಮೂಲ ಲೇಖಕರ ಸಿ++ ಪ್ರೋಗ್ರಾಂ ಬಳಸಿದರೆ ಮ್ಯೂ ಹೆಚ್ಚು ಹತ್ತಿರ ಬರುತ್ತದೆ, ಟೌ-2 ಸರಿಯಾಗಿ 1 ಕೂಡ ಕೊಡಬಹುದು. ನೆಟ್‌ವರ್ಕ್‌ಎಕ್ಸ್‌ಗೆ 1ಕ್ಕಿಂತ ಹೆಚ್ಚೇ ಬೇಕು. ಸಿ++ ಪ್ರೋಗ್ರಾಂನಲ್ಲಿ ನೋಡ್ ಎಣಿಕೆ 1ರಿಂದ ಶುರು, ಪ್ರತಿ ಎಡ್ಜ್ ಫೈಲಿನಲ್ಲಿ ಎರಡು ಸಲ ಇರುತ್ತದೆ. ಡೈರೆಕ್ಟೆಡ್ (ಎಡ್ಜ್‌ಗೆ ದಿಕ್ಕಿರುವ) ಗ್ರಾಫ್ ಎಂದು ಓದಿಬಿಟ್ಟರೆ ಮಾಡ್ಯುಲಾರಿಟಿ (ಕಮ್ಯುನಿಟಿಯೊಳಗಿನ ಎಡ್ಜ್ ಆಕಸ್ಮಿಕಕ್ಕಿಂತ ಎಷ್ಟು ಹೆಚ್ಚು ಎಂಬ ಅಳತೆ) ಲೆಕ್ಕ ಕೆಡಬಹುದು.

ಅಂಕ ಕೊಡಲು ಬರೀ ಎನ್‌ಎಂಐ (ಸಿಕ್ಕ ವಿಂಗಡಣೆ ಸರಿಯುತ್ತರಕ್ಕೆ ಎಷ್ಟು ಹೊಂದುತ್ತದೆ ಎಂಬ ಅಳತೆ, 1 ಎಂದರೆ ಪೂರ್ತಿ ತಾಳೆ) ನಂಬಬೇಡಿ. 1000 ನೋಡ್, ಸಮ ಗಾತ್ರದ 40 ಕಮ್ಯುನಿಟಿ ಇರುವಲ್ಲಿ ಪ್ರತಿ ನೋಡೂ ಒಂಟಿ ಕಮ್ಯುನಿಟಿ ಎಂದು ಉತ್ತರಿಸಿದರೂ ಎನ್‌ಎಂಐ ಸುಮಾರು 0.70 ಬರುತ್ತದೆ! ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ಲೆಕ್ಕ ಹಾಕುವ ಎಎಂಐ ಅದಕ್ಕೆ ಸೊನ್ನೆ ಕೊಡುತ್ತದೆ. ಜೊತೆಗೆ ಎಆರ್‌ಐ (ನೋಡ್ ಜೋಡಿಗಳನ್ನು ಎಣಿಸುವ ಅಂಥದೇ ಅಳತೆ) ಕೂಡ ವರದಿ ಮಾಡಿ.

ನೋಡ್‌ಮಾಲೆ
ಗರಿಷ್ಠ ಡಿಗ್ರಿ ಕೊಟ್ಟ ಮೇಲೆ ಓಡಿತು, ಧನ್ಯವಾದ. ಆದರೆ ಮ್ಯೂ 0.3ರಲ್ಲೂ ಲೂವೈನ್, ಲೈಡನ್ ಎರಡೂ ಚಿಕ್ಕ ಕಮ್ಯುನಿಟಿಗಳನ್ನು ಒಂದಕ್ಕೊಂದು ಸೇರಿಸಿಬಿಡುತ್ತಿವೆ.

ಉತ್ತರ | ಅಂಚುಗಣಿತ
ಅದು ಗ್ರಾಫಿನ ದೋಷವಲ್ಲ, ಮಾಡ್ಯುಲಾರಿಟಿಯ ರೆಸಲ್ಯೂಶನ್ ಮಿತಿ. 2007ರಲ್ಲಿ ಫೋರ್ಟುನಾಟೊ, ಬಾರ್ತೆಲೆಮಿ ತೋರಿಸಿದ್ದು. ಒಟ್ಟು ಎಡ್ಜ್‌ನ ಎರಡರಷ್ಟರ ವರ್ಗಮೂಲಕ್ಕಿಂತ ಕಡಿಮೆ ಒಳ ಎಡ್ಜ್ ಇರುವ ಕಮ್ಯುನಿಟಿ ಪಕ್ಕದ್ದರಲ್ಲಿ ಕರಗಿಹೋಗಬಹುದು. ನಿಮ್ಮ ಗ್ರಾಫಿನಲ್ಲಿ ಎಡ್ಜ್ 10,000, ಮಿತಿ ಸುಮಾರು 141. 10 ನೋಡಿನ ಕಮ್ಯುನಿಟಿಯಲ್ಲಿ ಎಲ್ಲರನ್ನೂ ಎಲ್ಲರಿಗೂ ಜೋಡಿಸಿದರೂ ಆಗುವುದು 45 ಎಡ್ಜ್. ನೋಡ್ 5000 ಆದರೆ ಮಿತಿ 316ಕ್ಕೇರುತ್ತದೆ.

ಎರಡೂ ಮಾಡ್ಯುಲಾರಿಟಿಯನ್ನೇ ಬೆನ್ನಟ್ಟಿದರೆ ಎಎಂಐಯಲ್ಲಿ ದೊಡ್ಡ ವ್ಯತ್ಯಾಸ ಕಾಣದಿರಬಹುದು. ಲೈಡನ್‌ನ ನಿಜವಾದ ಲಾಭ ಪ್ರತಿ ಕಮ್ಯುನಿಟಿಯೂ ಒಳಗೆ ಸಂಪರ್ಕಿತವಾಗಿರುತ್ತದೆ ಎಂಬ ಖಾತರಿ. ಆದ್ದರಿಂದ ಲೂವೈನ್ ಕೊಟ್ಟ ಕಮ್ಯುನಿಟಿಗಳಲ್ಲಿ ಒಳಗೇ ತುಂಡಾದವು ಎಷ್ಟು ಎಂದು ಬೇರೆಯಾಗಿ ಎಣಿಸಿ. ಲೈಡನ್ ಅನ್ನು ಮಾಡ್ಯುಲಾರಿಟಿಯ ಬದಲು ಸಿಪಿಎಂ (ಕಾನ್‌ಸ್ಟಂಟ್ ಪಾಟ್ಸ್ ಮಾಡೆಲ್) ಎಂಬ ಅಳತೆಯ ಮೇಲೂ ಓಡಿಸಿ ನೋಡಿ.

ಉತ್ತರ | ಸೀಡ್42
ಮೊದಲು ಸುಲಭದ ಗ್ರಾಫಿನಲ್ಲಿ ಕೋಡ್ ಪರೀಕ್ಷಿಸಿ: ಗಿರ್ವಾನ್–ನ್ಯೂಮನ್, 128 ನೋಡ್, 32ರ 4 ಗುಂಪು, ಸರಾಸರಿ ಡಿಗ್ರಿ 16. ಅಲ್ಲಿ ಹೊರಗಿನ ಡಿಗ್ರಿ 12 ಆದರೆ ರಚನೆಯೇ ಉಳಿಯುವುದಿಲ್ಲ. ದೊಡ್ಡ ಗ್ರಾಫ್‌ಗಳಿಗೆ ಹೊಂದುವ ಸೈದ್ಧಾಂತಿಕ ಪತ್ತೆಮಿತಿ ಹೊರಗಿನ ಡಿಗ್ರಿ 9ಕ್ಕೇ ಬರುತ್ತದೆ, ಅಂದರೆ ಮ್ಯೂ 0.5625. ಇಂಥ ಗ್ರಾಫ್‌ಗಳಲ್ಲಿ ಒಂದೇ ಗುಂಪಿನ ನೋಡ್‌ಗಳಿಗೆ ಸಾಲಾಗಿ ನಂಬರ್ ಇರುತ್ತದೆ. ನಂಬರ್ ಕಲಸದೆ ಕೊಟ್ಟರೆ, ಸಮಬಲ ಬಂದಾಗ ಚಿಕ್ಕ ನಂಬರನ್ನೇ ಆರಿಸುವ ಅಲ್ಗಾರಿದಂಗೆ ಉತ್ತರ ಬಿಟ್ಟುಕೊಟ್ಟ ಹಾಗೆ.