‘ಬೆಳೆಯುವ ದೀಪ’ ತಪ್ಪೇ? ಗಿಡಕ್ಕೆ ಹಾಕುವ ದೀಪಕ್ಕೊಂದು ಹೆಸರು ಬೇಕು

ಪದಾಸಕ್ತರಿಗೆ ನಮಸ್ಕಾರ.

ಮಿನ್ನೆಸೋಟದಲ್ಲಿರುವ ನನ್ನ ಮಗಳು ಅಲ್ಲಿಯ ಕನ್ನಡಿಗರ ಯುಗಾದಿ ಸಂಚಿಕೆಗೆ ಒಂದು ಲೇಖನ ಬರೆಯುತ್ತಿದ್ದಾಳೆ. ಚಳಿಗಾಲದಲ್ಲಿ ಮನೆಯೊಳಗೆ ಕರಿಬೇವನ್ನು ಬದುಕಿಸಿಕೊಳ್ಳುವುದು ಹೇಗೆ ಎಂಬುದು ವಿಷಯ. ಡಿಸೆಂಬರಿನ ಕೊನೆಯಲ್ಲಿ ಅಲ್ಲಿ ಹಗಲು 9 ಗಂಟೆಯೂ ಇರುವುದಿಲ್ಲ. ಕುಂಡದಿಂದ ಒಂದಡಿ ಮೇಲೆ ಎಲ್‌ಇಡಿ ಪಟ್ಟಿ ಕಟ್ಟಿ, ದಿನಕ್ಕೆ ಹದಿಮೂರು ಹದಿನಾಲ್ಕು ಗಂಟೆ ಉರಿಸುತ್ತಾಳೆ. ಅಂಗಡಿಯವರು ಗ್ರೋ ಲೈಟ್ ಎನ್ನುವ ಇದಕ್ಕೆ ಕನ್ನಡದಲ್ಲಿ ಏನೆನ್ನಲಿ ಎಂದು ಕೇಳಿದಳು. ಯಾವುದೋ ಮಾರಾಟ ಜಾಲತಾಣದ ಕನ್ನಡ ಪುಟದಲ್ಲಿ ‘ಬೆಳೆಯುವ ದೀಪ’ ಎಂದಿದೆಯಂತೆ. ಎಷ್ಟುದ್ದ ಬೆಳೆಯುತ್ತದೆ ಎಂದು ಇಬ್ಬರೂ ನಕ್ಕೆವು.

ಫೋನು ಇಟ್ಟ ಮೇಲೆ ನಗು ಅಷ್ಟು ಸಲೀಸಾಗಿ ಉಳಿಯಲಿಲ್ಲ. ಕುಡಿಯುವ ನೀರು ಏನನ್ನೂ ಕುಡಿಯುವುದಿಲ್ಲ, ಮಲಗುವ ಕೋಣೆ ಮಲಗುವುದಿಲ್ಲ. ಅವು ಸರಿಯಾದರೆ ಬೆಳೆಯುವ ದೀಪ ಏಕೆ ತಪ್ಪು? ನನಗೆ ತೋಚಿದ್ದು ಇಷ್ಟು: ಕುಡಿಯುವುದು, ಮಲಗುವುದು ಮನುಷ್ಯರ ಕೆಲಸವಾದ್ದರಿಂದ ಕರ್ತೃವನ್ನು ನಾವೇ ಹೊರಗಿನಿಂದ ತಂದು ಕೂರಿಸುತ್ತೇವೆ. ‘ಬೆಳೆ’ ಧಾತುವಿಗೆ ಆ ಬಿಗುಮಾನವಿಲ್ಲ. ಮಗು, ಊರು, ಸಾಲ, ನೆರಳು ಎಲ್ಲವೂ ಬೆಳೆಯುತ್ತವೆ. ಹಾಗಾಗಿ ಎದುರಿಗೆ ಸಿಕ್ಕ ದೀಪವನ್ನೇ ಅದು ಕರ್ತೃವಾಗಿ ಹಿಡಿದುಕೊಳ್ಳುತ್ತದೆ. ಜೊತೆಗೆ ಇದು ಎರಡೂ ಕಡೆ ಓಡಾಡುವ ಧಾತು: ರಾಗಿ ಬೆಳೆಯಿತು, ರೈತ ರಾಗಿ ಬೆಳೆದ. ‘ಬೆಳೆಸು’ ಎಂದರೆ ಸಂದೇಹ ಉಳಿಯುವುದಿಲ್ಲ, ನಿಜ. ಆದರೆ ‘ಬೆಳೆಸುವ ದೀಪ’ ಅರ್ಥವಿವರಣೆಯಂತಿದೆ, ಹೆಸರಿನಂತಿಲ್ಲ.

ಮಗಳಿಗೆ ‘ಬೆಳೆಬೆಳಕು’ ಇಷ್ಟ. ಕಿವಿಗೆ ಚೆನ್ನಾಗಿದೆ, ಎರಡೂ ಒಂದೇ ಬೇರಿನವು ಎಂಬ ಭ್ರಮೆಯನ್ನೂ ಹುಟ್ಟಿಸುತ್ತದೆ. ದ್ರಾವಿಡ ಭಾಷೆಗಳ ಪದಮೂಲಗಳನ್ನು ಕೊಡುವ ಬರೋ ಮತ್ತು ಎಮನೋ ಅವರ ದ್ರಾವಿಡ ನಿರುಕ್ತಕೋಶದಲ್ಲಿ ಅವು ಬೇರೆ ಬೇರೆ ನಮೂದುಗಳು. ತಮಿಳಿನ ‘ವಿಲೈ’ ನಮ್ಮಲ್ಲಿ ‘ಬೆಲೆ’ಯಾದಂತೆ ‘ವಿಳೈ’ ನಮ್ಮ ‘ಬೆಳೆ’. ‘ಬೆಳಕು’ ಮಾತ್ರ ಬೆಳ್ಳಿ, ಬಿಳಿ, ಬೆಳಗುಗಳ ಬಳಗದ್ದು. ತಮಿಳಿನಲ್ಲಿ ಅದರ ನಂಟ ‘ವಿಳಕ್ಕು’ ಎಂದರೆ ದೀಪವೇ. ಅವರಿಗೆ ದೀಪವಾದದ್ದು ನಮಗೆ ದೀಪದಿಂದ ಹೊಮ್ಮುವುದಾಯಿತು. ಇಂಗ್ಲಿಷಿನ ಲೈಟ್ ಎರಡಕ್ಕೂ ಸಲ್ಲುತ್ತದೆ. ಕನ್ನಡದಲ್ಲಿ ಕೊಂಡುತಂದು ಮೊಳೆಗೆ ನೇತುಹಾಕುವುದು ದೀಪ, ಗಿಡ ಉಣ್ಣುವುದು ಬೆಳಕು. ಈ ಭೇದವನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಇಲ್ಲೊಂದು ತಮಾಷೆಯಿದೆ. ಬೆಳಕು ಕಾಣದ ಗಿಡ ‘ಬಿಳಿಚಿಕೊಂಡಿತು’ ಎನ್ನುತ್ತೇವೆ. ಬೆಳಕೂ ಬಿಳಿಚುವುದೂ ಒಂದೇ ಮನೆಯ ಮಾತುಗಳು. ನಮ್ಮ ಧಾರವಾಡದ ಕಡೆ ನವರಾತ್ರಿಯಲ್ಲಿ ಘಟಸ್ಥಾಪನೆ ಮಾಡಿ, ಮಣ್ಣಿನಲ್ಲಿ ಕಾಳು ಬಿತ್ತಿ, ಪಕ್ಕದಲ್ಲಿ ಒಂಬತ್ತು ದಿನ ನಂದಾದೀಪ ಉರಿಸುತ್ತಾರೆ. ದೇವರ ಮನೆಯ ಕತ್ತಲಲ್ಲಿ ಆ ಸಸಿಗಳು ಹಳದಿಯಾಗಿ, ತೆಳ್ಳಗೆ, ಗೇಣುದ್ದ ಏಳುತ್ತವೆ. ಪಕ್ಕದಲ್ಲೇ ದೀಪವಿದ್ದರೂ ಎಲೆಗೆ ಹಸಿರು ಕೊಡುವ ಪತ್ರಹರಿತ್ತು ಸಾಕಷ್ಟು ಕೂಡುವಷ್ಟು ಬೆಳಕು ಅದರದಲ್ಲ. ದೀಪವಿದ್ದ ಮಾತ್ರಕ್ಕೆ ಗಿಡದ ದೀಪವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

‘ಬೆಳೆದೀಪ’ ಎಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ಅರಿಸಮಾಸ ಎಂದು ಯಾರಾದರೂ ತಕರಾರು ತೆಗೆಯಬಹುದು. ದಾರಿದೀಪ, ಬೀದಿದೀಪಗಳನ್ನು ನುಂಗಿಕೊಂಡವರು ಇದೊಂದಕ್ಕೆ ಮೂಗು ಮುರಿಯುವುದು ಬೇಡ. ಬೇಕೆಂದರೆ ಶಾಸನಗಳ ನಂದಾದೀವಿಗೆಯಂತೆ ‘ಬೆಳೆದೀವಿಗೆ’ ಎನ್ನಿ. ನನ್ನ ತಕರಾರು ಬೇರೆ. ‘ಬೆಳೆ’ ಹೊಲದ್ದು. ಕುಂಡದ ಕರಿಬೇವನ್ನು, ಹಾಲಿನ ಮೂಲೆಯ ಮನಿಪ್ಲಾಂಟನ್ನು ಯಾರೂ ಬೆಳೆ ಎನ್ನುವುದಿಲ್ಲ. ಅಲ್ಲದೆ ಹೊಲದಲ್ಲಿ ಉರಿಯುವ ದೀಪಗಳ ಕಥೆಯೇ ಬೇರೆ.

ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ರಾತ್ರಿ ಹೋದವರು ಸೇವಂತಿಗೆ ಹೊಲದ ತುಂಬ ಬಲ್ಬು ಉರಿಯುವುದನ್ನು ನೋಡಿರುತ್ತೀರಿ. ಅದು ಗಿಡಕ್ಕೆ ಊಟವಲ್ಲ. ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವುದು ಸೇವಂತಿಗೆಯ ಸ್ವಭಾವ. ನಡುವೆ ದೀಪ ಹಾಕಿದರೆ ರಾತ್ರಿ ತುಂಡಾಗಿ, ಗಿಡ ಇನ್ನೂ ಕಾಲ ಬಂದಿಲ್ಲವೆಂದುಕೊಂಡು ಕಾಂಡ ಬೆಳೆಸುತ್ತ ಕೂರುತ್ತದೆ. ಹೂವು ಮಾರುಕಟ್ಟೆಯ ದಿನಕ್ಕೆ ಸರಿಯಾಗಿ ಬರುತ್ತದೆ. ಡ್ರ್ಯಾಗನ್ ಹಣ್ಣಿನ ತೋಟದಲ್ಲಿ ಇದು ತಿರುವುಮುರುವು: ಚಳಿಗಾಲದಲ್ಲಿ ದೀಪ ಹಾಕಿದರೆ ಅಕಾಲದಲ್ಲಿ ಹೂವು ಬಿಡುತ್ತದೆ. ಒಂದು ಕಡೆ ಹೂವನ್ನು ತಡೆಯುವ ದೀಪ, ಇನ್ನೊಂದು ಕಡೆ ಕರೆಯುವ ದೀಪ. ಎರಡೂ ಗಿಡಕ್ಕೆ ಸುಳ್ಳು ಗಡಿಯಾರ ತೋರಿಸುವಂಥವು. ಮಗಳ ದೀಪ ಮಾತ್ರ ಗಿಡಕ್ಕೆ ಊಟ ಒದಗಿಸುವ ಅಡುಗೆಮನೆ. ‘ಬೆಳೆದೀಪ’ವನ್ನು ಹೊಲದವರಿಗೇ ಬಿಡುವುದು ನ್ಯಾಯ ಎಂದು ನನ್ನ ವಾದ.

ಹಾಗಾದರೆ ಮನೆಯದಕ್ಕೆ? ‘ಗಿಡದೀಪ’ ಎಂದೆ. ಬೀದಿಗೆ ಬೀದಿದೀಪ, ಗಿಡಕ್ಕೆ ಗಿಡದೀಪ, ಎರಡಕ್ಷರಕ್ಕೆ ಎರಡಕ್ಷರ. ನಮ್ಮ ಮನೆಯವರು ಒಪ್ಪಲಿಲ್ಲ. ನಮ್ಮ ಕಡೆ ಮಾವಿನ ಮರಕ್ಕೂ ಮಾವಿನ ಗಿಡ ಎನ್ನುತ್ತೇವಲ್ಲ, ಅವರ ಕಿವಿಗೆ ಅದು ದೀಪಾವಳಿಯಲ್ಲಿ ಅಂಗಳದ ಗಿಡಕ್ಕೆ ಸುತ್ತುವ ಸರದೀಪದಂತೆ ಕೇಳಿಸಿತಂತೆ. ‘ಸಸಿದೀಪ’ ಎಂದರೆ ಎಳೆಯವಕ್ಕೆ ಮಾತ್ರ ಎಂದಾಯಿತು. ‘ಸಸ್ಯದೀಪ’ ಪಠ್ಯಪುಸ್ತಕದ ವಾಸನೆ ಹೊಡೆಯುತ್ತದೆ.

ಇನ್ನೊಂದು ಸಣ್ಣ ವಿಷಯ. ಪೆಟ್ಟಿಗೆಗಳ ಮೇಲೆ ಬರುವ ‘ಫುಲ್ ಸ್ಪೆಕ್ಟ್ರಮ್’, ಅಂದರೆ ಬೆಳಕಿನ ಎಲ್ಲ ಬಣ್ಣಗಳೂ ಉಂಟು ಎಂಬುದಕ್ಕೆ ‘ಪೂರ್ಣ ರೋಹಿತ’ ಎಂದು ಬರೆಯಲು ಹೇಳಿದ್ದೇನೆ. ವಿಜ್ಞಾನ ಲೇಖಕರು ರೋಹಿತವನ್ನು ಬಳಸಿ ಪಳಗಿಸಿದ್ದಾರೆ, ವರ್ಣಪಟಲವೂ ನಡೆಯುತ್ತದೆ. ಲ್ಯೂಮೆನ್ ಎಂಬುದನ್ನು ‘ಹೊಳಪು’ ಎಂದು ಕನ್ನಡಿಸಿದ್ದಳು, ಹೊಡೆದುಹಾಕಿಸಿದೆ. ಲ್ಯೂಮೆನ್ ಎಂದರೆ ಬೆಳಕನ್ನು ಮನುಷ್ಯನ ಕಣ್ಣಿಗೆ ತೂಗಿದ ಅಳತೆ, 555 ನ್ಯಾನೊಮೀಟರ್ ತರಂಗಾಂತರದ ಹಸಿರಿಗೆ ಅತಿ ಹೆಚ್ಚು ತೂಕ. ಗಿಡದ ಲೆಕ್ಕ 400ರಿಂದ 700 ನ್ಯಾನೊಮೀಟರಿನವರೆಗೆ ಹರಡಿದ್ದು, ಅದರಲ್ಲೂ ಕೆಂಪು, ನೀಲಿಯ ಕಡೆ ವಾಲಿದ್ದು. ಕಣ್ಣಿಗೆ ಮಂಕಾಗಿ ಕಾಣುವ ಬದನೆಕಾಯಿ ಬಣ್ಣದ ದೀಪ ಗಿಡಕ್ಕೆ ಹಬ್ಬದೂಟವಾಗಿರಬಹುದು.

ನನ್ನ ಪ್ರಶ್ನೆಗಳು ಎರಡು. ಸೇವಂತಿಗೆ ಬೆಳೆಯುವ ಊರುಗಳವರು ರಾತ್ರಿ ದೀಪ ಹಾಕುವ ಕೆಲಸಕ್ಕೆ ‘ಲೈಟ್ ಹಾಕುವುದು’ ಎಂಬುದನ್ನು ಬಿಟ್ಟು ಬೇರೆ ಮಾತು ಬಳಸುತ್ತಾರೆಯೇ? ಹಳೇ ಮೈಸೂರು ಮತ್ತು ಕರಾವಳಿಯವರ ಕಿವಿಗೆ ‘ಗಿಡದೀಪ’ ಹೇಗೆ ಕೇಳಿಸುತ್ತದೆ, ಕುಂಡದ ಮೇಲಿನ ದೀಪವಾಗಿಯೋ, ಮರದ ಮೇಲಿನ ಸರದೀಪವಾಗಿಯೋ? ಲೇಖನ ಅಚ್ಚಿಗೆ ಹೋಗಲು ಹತ್ತು ದಿನವಿದೆ. ಅಷ್ಟರೊಳಗೆ ಒಳ್ಳೆಯದೇನೂ ಒದಗದಿದ್ದರೆ ಮೊಮ್ಮಗ ಕರೆಯುವ ‘ಕರಿಬೇವಿನ ಲೈಟು’ ಎಂಬುದನ್ನೇ ಹಾಕುತ್ತೇನೆಂದು ಮಗಳು ಹೆದರಿಸಿದ್ದಾಳೆ.