ಅಕ್ಕಗ, ಆಪಾಗ: ಕಂಪನಿ ಹ್ಯಾಂಗ ನೋಡಿ ಆರಿಸ್ಬೇಕು

ಅಕ್ಕಾ, ನಮಸ್ಕಾರ್ರಿ. ಆಪಾ, ಸಲಾಂ. ಮುಂಜಾನೆ ಓಣಿ ಗ್ರೂಪಿನಾಗ ನಿಮ್ಮಿಬ್ಬರ ಮಾತೂ ಕೇಳಿದೆ. ಅಕ್ಕನ ಮಗಳದು ಮೆಟಲರ್ಜಿ (ಲೋಹದ ಕೆಲಸ) ಡಿಪ್ಲೊಮಾ ಮುಗಿದೈತಿ, ತೋರಣಗಲ್ಲು ಕಡೆಯ ದೊಡ್ಡ ಕಂಪನಿಯಿಂದ ಒಂದು, ಗಿಣಿಗೇರಿ ಕಡೆಯ ಸಣ್ಣ ಕಂಪನಿಯಿಂದ ಒಂದು ಕೆಲಸದ ಕರೆ ಬಂದಾವ, ಹೆಣ್ಣುಮಕ್ಕಳಿಗೆ ಯಾವುದು ಚಲೋ ಅಂತ ಕೇಳಿದ್ರಿ. ಆಪಾ, ನಮ್ಮ ಹುಡುಗಿ ತಲಿಮ್ಯಾಗ ಬಟ್ಟಿ ಹಾಕ್ತಾಳ, ಫ್ಯಾಕ್ಟರಿಯವರು ತಗೋತಾರೇನು ಅಂದ್ರಿ. ಇದು ಎರಡು ಮಾತಿನಾಗ ಮುಗಿಯಂಗಿಲ್ಲ, ಕುಂತು ಕೇಳ್ರಿ.

ಎಲ್ಲಕ್ಕಿಂತ ಮೊದಲು ಆಫರ್ ಲೆಟರ್ ಮ್ಯಾಲೆ ಯಾರ ಹೆಸರು ಐತಿ ಅಂತ ನೋಡ್ರಿ. ನಮ್ಮ ಕಡೆ ಸ್ಟೀಲ್ ಪ್ಲಾಂಟಿನಾಗ, ಗಣಿಯಾಗ ಗೇಟಿನ ಮ್ಯಾಲೆ ಒಂದು ಹೆಸರು ಇರ್ತೈತಿ, ಪಗಾರ ಕೊಡೋದು ಬ್ಯಾರೆ ಕಾಂಟ್ರಾಕ್ಟರ್. ದೊಡ್ಡ ಕಂಪನಿಯ ಇನ್ಶೂರೆನ್ಸು, ಹೆಚ್ಚಿನ ರಜೆ ಇಂಥವು ಸಾಮಾನ್ಯವಾಗಿ ಅವರ ಕಾಯಂ ಮಂದಿಗೆ. ಕಾಂಟ್ರಾಕ್ಟರ್ ಕಡೆ ಸೇರಿದ್ರ ಅವು ತಾನಾಗಿ ಬರಂಗಿಲ್ಲ. ಹಂಗಂತ ಕಾಂಟ್ರಾಕ್ಟ್ ಕೆಲಸನ ಬ್ಯಾಡ ಅಂತ ನಾನು ಹೇಳಂಗಿಲ್ಲ. ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಹಣ ಕಾಂಟ್ರಾಕ್ಟರ್ ಕಟ್ಟದಿದ್ರ ಮೂಲ ಕಂಪನಿ ಕಟ್ಟಬೇಕು ಅಂತ ಕಾನೂನು ಐತಿ. ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಕಾಂಟ್ರಾಕ್ಟ್ ಹೆಣ್ಣುಮಕ್ಕಳಿಗೂ, ಅಪ್ರೆಂಟಿಸ್‌ಗಳಿಗೂ ಲಾಗೂ ಆಗ್ತೈತಿ. ಆದ್ರ ಯಾರ ಕಡೆ ಏನು ಕೇಳಬೇಕು ಅನ್ನೋದು ಸೇರೋ ದಿನಾನ ಗೊತ್ತಿರಬೇಕು.

ಕಾಂಟ್ರಾಕ್ಟ್‌ನಾಗ ಇನ್ನೊಂದು ತಪ್ಪು ಬಾಳ ಆಗ್ತೈತಿ. ವರ್ಷಕ್ಕೊಮ್ಮೆ ಕಾಂಟ್ರಾಕ್ಟರ್ ಬದಲಾದಾಗ ಹೊಸಬ ಹಳೆ ನಂಬರ್ ಕೇಳದ ಹೊಸ ಇಎಸ್‌ಐ ನಂಬರ್ ಮಾಡಿಸಿಬಿಡ್ತಾನ. ಇಎಸ್‌ಐದಾಗ ಬಾಣಂತನದ ಭತ್ಯೆ ಸಿಗಬೇಕಂದ್ರ ಹಿಂದಿನ ಎರಡು ವಂತಿಗೆ ಅವಧಿಯೊಳಗ (ಒಂದೊಂದು ಆರು ತಿಂಗಳದು) 70 ದಿನದ ವಂತಿಗೆ ಲೆಕ್ಕ ಇರಬೇಕು. ನಂಬರ್ ಎರಡಾದ್ರ ಲೆಕ್ಕ ಎರಡು ಕಡೆ ಹರಿದು ಹೋಗ್ತೈತಿ, ಬೇಕಾದ ಹೊತ್ತಿಗೆ ಆಫೀಸಿನವರು "ದಿನ ಸಾಲಂಗಿಲ್ಲ" ಅಂತಾರ. ಹಂಗಾಗಿ ಇಎಸ್‌ಐ ನಂಬರು, ಪಿಎಫ್‌ನ ಯುಎಎನ್ ನಂಬರು ಎರಡೂ ಬರೆದಿಟ್ಟು ಪ್ರತಿ ಹೊಸ ಮಾಲಕಗ ತಾವಾಗೇ ಕೊಡಬೇಕು. ಪಗಾರ 21,000ದ ಒಳಗಿದ್ರ ಇಎಸ್‌ಐ, ಕೈಯಿಂದ ಕಡಿಯೋದು ನೂರಕ್ಕ ಮುಕ್ಕಾಲು ರೂಪಾಯಿ, ಕಂಪನಿ ಹಾಕೋದು ಮೂರೂಕಾಲು. ಪಗಾರ ಚೀಟಿಯಾಗ ಕಡಿತ ಕಂಡ್ರ ಸಾಲದು, ಮೊಬೈಲಿನ ಉಮಂಗ್ ಆ್ಯಪಿನಾಗ ಪಿಎಫ್ ಪಾಸ್‌ಬುಕ್ ತಗದು ಜಮಾ ಆಗೇತೇನು ನೋಡ್ಬೇಕು.

ಇನ್ನ ಅಕ್ಕಾ, ತೋರಣಗಲ್ಲಿನಂಥ ದೊಡ್ಡ ಕಂಪನಿ ಷೇರು ಮಾರ್ಕೆಟ್ಟಿನಾಗ ಇದ್ರ ನಿಮ್ಮ ಮಗಳು ಮನ್ಯಾಗ ಕುಂತೇ ಅದರ ಒಳಗಿನ ಹಕೀಕತ್ತು ನೋಡಬಹುದು. ಷೇರು ಮಾರ್ಕೆಟ್ ಮ್ಯಾಲೆ ನಿಗಾ ಇಡೋ ಸೆಬಿ 2022-23ರಿಂದ ಮೊದಲ 1,000 ಲಿಸ್ಟೆಡ್ ಕಂಪನಿಗಳಿಗೆ ಬಿಆರ್‌ಎಸ್‌ಆರ್ (BRSR) ಅನ್ನೋ ವರದಿ ಕಡ್ಡಾಯ ಮಾಡೈತಿ. ಕಂಪನಿ ಹೆಸರಿನ ಜೋಡಿ ಆ ನಾಲ್ಕು ಅಕ್ಷರ ಹಾಕಿ ಹುಡುಕಿದ್ರ ಪಿಡಿಎಫ್ ಸಿಗ್ತೈತಿ, ಇಲ್ಲಂದ್ರ ವಾರ್ಷಿಕ ವರದಿಯೊಳಗ ಇರ್ತೈತಿ. ನೂರಾರು ಪುಟ ಇದ್ರ ಹೆದರಬ್ಯಾಡ್ರಿ, ನಾಲ್ಕು ಕೋಷ್ಟಕ ಸಾಕು. ಮೊದಲನೇದು ಹೆಣ್ಣುಮಕ್ಕಳ ಸಂಖ್ಯೆ. ಇದನ್ನ ನೌಕರರು, ಕಾರ್ಮಿಕರು ಅಂತ, ಮತ್ತ ಕಾಯಂ, ಕಾಯಂ ಅಲ್ಲದವರು ಅಂತ ಬ್ಯಾರೆ ಬ್ಯಾರೆ ಕೊಟ್ಟಿರ್ತಾರ. ಆಫೀಸಿನ ನೌಕರರ ಸಾಲಿನಾಗ ತುಂಬಿ, ಶಾಪ್ ಫ್ಲೋರಿನ, ಅಂದ್ರ ಮಷಿನ್ ಕಡೆಯ ಕಾರ್ಮಿಕರ ಸಾಲಿನಾಗ ಸೊನ್ನೆ ಹತ್ತಿರ ಇದ್ರ ಮೆಟಲರ್ಜಿ ಕಲಿತ ಹುಡುಗಿಗೆ ಆ ಕಂಪನಿಯಾಗ ದಾರಿ ಇನ್ನೂ ಆಗಿಲ್ಲ ಅಂತ ತಿಳೀರಿ. ಎರಡನೇದು, ಕೆಲಸ ಬಿಟ್ಟು ಹೋಗೋರ ಪ್ರಮಾಣ, ಗಂಡು ಹೆಣ್ಣು ಬ್ಯಾರೆ ಬ್ಯಾರೆ, ಮೂರು ವರ್ಷದ್ದು. ಹೆಣ್ಣುಮಕ್ಕಳದು ಪ್ರತಿ ವರ್ಷ ಗಂಡಸರಿಗಿಂತ ಬಾಳ ಜಾಸ್ತಿ ಇದ್ರ ಒಳಗ ಏನೋ ಸರಿ ಇಲ್ಲ.

ಮೂರನೇದ ನನಗ ಎಲ್ಲಕ್ಕಿಂತ ದೊಡ್ಡದು: ಬಾಣಂತನದ ರಜೆ ತಗೊಂಡವರೊಳಗ ಎಷ್ಟು ಮಂದಿ ಕೆಲಸಕ್ಕ ವಾಪಸ್ ಬಂದರು, ಬಂದವರೊಳಗ ಎಷ್ಟು ಮಂದಿ ಮುಂದ ಉಳಿದರು ಅನ್ನೋ ಎರಡು ಶೇಕಡಾ. 26 ವಾರದ ರಜೆ ಕಾನೂನು ಕೊಡ್ತೈತಿ, ಅದರಾಗ ಕಂಪನಿಯ ದೊಡ್ಡಸ್ತಿಕೆ ಏನಿಲ್ಲ. ಬಂದ ಮ್ಯಾಲೆ ಅದೇ ಕುರ್ಚಿ ಸಿಗ್ತೈತೋ, ಕೂಸಿಗೆ ಹಾಲು ಕುಡಿಸಾಕ ಪುರಸೊತ್ತು ಸಿಗ್ತೈತೋ ಅನ್ನೋದು ಈ ಉಳಿದವರ ಅಂಕಿಯಾಗ ಕಾಣ್ತೈತಿ. ವಾಪಸ್ ಬಂದವರು ನೂರಕ್ಕ ತೊಂಬತ್ತು, ವರ್ಷ ಕಳೆದ ಮ್ಯಾಲೆ ಉಳಿದವರು ನಲವತ್ತು ಅಂತಿದ್ರ ಸಂದರ್ಶನದಾಗ ನೇರ ಕೇಳ್ರಿ, ಯಾಕ ಅಂತ. ನಾಲ್ಕನೇದು, ಲೈಂಗಿಕ ಕಿರುಕುಳದ ದೂರು ಎಷ್ಟು ಬಂದವು, ಎಷ್ಟು ಇತ್ಯರ್ಥ ಆದವು. ಸಾವಿರಾರು ಹೆಣ್ಣುಮಕ್ಕಳು ಇರೋ ಕಡೆ ವರ್ಷಾನುಗಟ್ಟಲೆ ದೂರು ಸೊನ್ನೆ ಅಂದ್ರ ನನಗ ಸಮಾಧಾನ ಆಗಂಗಿಲ್ಲ. ದೂರು ಕೊಡಾಕ ಹೆದರ್ತಾರೇನೋ ಅಂತ ಅನುಮಾನ ಬರ್ತೈತಿ. ಆರು ಬಂದು ಆರೂ ತೀರ್ಮಾನ ಆಗಿದ್ರ ಅದು ಎಷ್ಟೋ ಮೇಲು.

ಗಿಣಿಗೇರಿ ಕಡೆಯ ಸಣ್ಣ ಕಂಪನಿಗೆ ಇಂಥ ವರದಿ ಇರಂಗಿಲ್ಲ. ಅಲ್ಲಿ ಕಣ್ಣಿಲೆ ನೋಡಬೇಕು. 10 ಮಂದಿ ಅಥವಾ ಹೆಚ್ಚು ಕೆಲಸ ಮಾಡೋ ಪ್ರತಿ ಜಾಗದಾಗೂ ಲೈಂಗಿಕ ಕಿರುಕುಳದ ದೂರು ಕೇಳೋ ಆಂತರಿಕ ಸಮಿತಿ ಇರಬೇಕು, ಅದರ ಆದೇಶ ಗ್ವಾಡಿಗೆ ಹಚ್ಚಿರಬೇಕು. ಅಧ್ಯಕ್ಷೆ ಹೆಣ್ಣುಮಗಳು, ಸದಸ್ಯರೊಳಗ ಅರ್ಧದಷ್ಟಾದ್ರೂ ಹೆಣ್ಣುಮಕ್ಕಳು, ಒಬ್ಬರು ಹೊರಗಿನ ಸಂಸ್ಥೆಯವರು. ಸಂದರ್ಶನಕ್ಕ ಹೋದಾಗ ಆ ಹಾಳೆ ಓದಾಕ ಹೇಳ್ರಿ. ಕೆಲಸ ಬಿಟ್ಟು ಹೋದವರ ಹೆಸರೇ ಇನ್ನೂ ಅದರಾಗ ಇದ್ರ, ಹೊರಗಿನ ಸದಸ್ಯರ ಜಾಗ ಖಾಲಿ ಇದ್ರ, ಸಮಿತಿ ಕಾಗದದ ಮ್ಯಾಲೆ ಅಷ್ಟ. ಸಮಿತಿ ಮಾಡದಿದ್ರ 50,000 ರೂಪಾಯಿ ತನಕ ದಂಡ ಐತಿ. ದೂರು 3 ತಿಂಗಳೊಳಗ ಕೊಡಬೇಕು, ವಿಚಾರಣೆ 90 ದಿನದಾಗ ಮುಗಿಸಬೇಕು. 10ಕ್ಕಿಂತ ಕಡಿಮೆ ಮಂದಿ ಇದ್ದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಆಮ್ಯಾಲೆ ಹೆಣ್ಣುಮಕ್ಕಳ ಶೌಚಾಲಯ ಎಲ್ಲೈತಿ ಕೇಳ್ರಿ. ಆಫೀಸ್ ಬಿಲ್ಡಿಂಗಿನಾಗ ಐತಿ, ಶೆಡ್‌ನಾಗ ಇಲ್ಲ ಅಂದ್ರ ಹುಡುಗಿ ನೀರು ಕುಡಿಯೋದ ಬಿಡ್ತಾಳ, ಫರ್ನೇಸ್ ಬಿಸಿಯಾಗ ಅದು ಬ್ಯಾನಿಗೆ ದಾರಿ. ಸೇಫ್ಟಿ ಬೂಟು 4, 5 ನಂಬರಿನವು ಸ್ಟೋರಿನಾಗ ಅದಾವೇನು ಅಂತನೂ ಕೇಳ್ರಿ. ಇದ್ರ ಅಲ್ಲಿ ಹೆಣ್ಣುಮಕ್ಕಳು ನಿಜವಾಗಿ ಕೆಲಸ ಮಾಡ್ತಾರ.

ಶಿಫ್ಟಿನ ಮಾತು. ಎಲ್ಲಾರೂ ರಾತ್ರಿ ಪಾಳಿ ಕೇಳ್ತಾರ, ಕಷ್ಟ ಇರೋದು ಬಿ ಶಿಫ್ಟಿನಾಗ. ಅದು ಬಿಡೋದ ರಾತ್ರಿ 10ಕ್ಕ. ಕಂಪನಿ ಬಸ್ಸು ಕೊಪ್ಪಳದ ಅಶೋಕ ಸರ್ಕಲ್ ತನಕ ಬರ್ತೈತೋ, ಮನಿ ಬಾಗಿಲ ತನಕ ಬರ್ತೈತೋ? ರಾತ್ರಿ ಪಾಳಿಗೆ ಹುಡುಗಿಯ ಲಿಖಿತ ಒಪ್ಪಿಗೆ ಬೇಕು; ಸೇರೋ ದಿನ ಕಾಗದದ ಕಟ್ಟಿನೊಳಗ ಅದನ್ನೂ ಸೇರಿಸಿ ಸಹಿ ಹಾಕಿಸ್ಕೋತಾರ, ಓದಿ ಹಾಕಬೇಕು. 2025ರ ಅಕ್ಟೋಬರ್‌ನಾಗ ರಾಜ್ಯ ಸಚಿವ ಸಂಪುಟ ತಿಂಗಳಿಗೆ ಒಂದು ದಿನ ಪಗಾರ ಸಮೇತ ಮುಟ್ಟಿನ ರಜೆಯ ನೀತಿ ಒಪ್ಪೈತಿ. "ನೀವು ಕೊಡಾಕ ಹತ್ತೀರೇನು?" ಅಂತ ಎಚ್‌ಆರ್‌ನ ಕೇಳಿದ್ರ ಉತ್ತರ ಕೊಡೋ ರೀತಿಯಾಗ ಕಂಪನಿ ಗೊತ್ತಾಗ್ತೈತಿ.

ಆಪಾ, ಈಗ ನಿಮ್ಮ ಮಾತು. ಇದರಾಗ ನಾನು ಬಣ್ಣ ಹಚ್ಚಿ ಹೇಳಂಗಿಲ್ಲ. ಹೆಣ್ಣುಮಕ್ಕಳಿಗೆ, ಅಂಗವಿಕಲರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಖಾಸಗಿ ಕೆಲಸದಾಗೂ ಕಾಯ್ದೆ ಅದಾವ. ಧರ್ಮ ನೋಡಿ, ಜಾತಿ ನೋಡಿ ಖಾಸಗಿ ಕಂಪನಿ ಕೆಲಸ ಕೊಡಲಿಲ್ಲ ಅಂತ ಕೇಳಾಕ ಪ್ರತ್ಯೇಕ ಕಾಯ್ದೆ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಜಾತಿ ಹಿಡಿದು ಬೈದ್ರ 1989ರ ದೌರ್ಜನ್ಯ ತಡೆ ಕಾಯ್ದೆ ಐತಿ, ಆದ್ರ ಸುಮ್ಮನ ಕೈಬಿಟ್ರ ಹಿಡಿಯೋದು ಕಷ್ಟ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಇರೋ 371ಜೆ ಮೀಸಲಾತಿನೂ ಸರ್ಕಾರಿ ನೌಕರಿ ಮತ್ತ ಕಾಲೇಜು ಸೀಟಿಗಷ್ಟ. ಹಂಗಾಗಿ ಕಂಪನಿಯ ಸಮಾನ ಅವಕಾಶ ನೀತಿಯಾಗ ಧರ್ಮ, ಜಾತಿ ಅನ್ನೋ ಶಬ್ದ ಬರೆದೈತೇನು, ದೂರು ಯಾರಿಗೆ ಅಂತ ಹೇಳೈತೇನು ನೋಡ್ರಿ. ಅದ ನಿಮ್ಮ ಕೈಯಾಗಿರೋ ಕಾಗದ.

ತಲಿಬಟ್ಟಿ ಬಗ್ಗೆ: ತಿರುಗೋ ಮಷಿನ್ ಹತ್ತಿರ ಇಳಿಬಿದ್ದ ಬಟ್ಟಿ ನಿಜವಾಗ್ಲೂ ಅಪಾಯ, ಅದು ದುಪಟ್ಟಾ ಇರಲಿ, ಸೀರಿ ಸೆರಗು ಇರಲಿ. ಫರ್ನೇಸ್ ಹತ್ತಿರ ನೈಲಾನ್, ಪಾಲಿಯೆಸ್ಟರ್ ಕರಗಿ ಮೈಗೆ ಅಂಟ್ತೈತಿ. ಹೆಲ್ಮೆಟ್ ಒಳಗ ಕೂಡೋ, ಕೊಳ್ಳಿಗೆ ಬಿಗಿಯಾಗಿ ಒಳಗ ಸಿಗಿಸೋ ಕಾಟನ್ ಟೋಪಿಬಟ್ಟಿ ಹಾಕಿದ್ರ ಎರಡೂ ಅಪಾಯ ಕಡಿಮಿ ಆಗ್ತಾವ. ಚಲೋ ಕಂಪನಿ "ಹಿಂಗ ಹಾಕ್ಕೋ" ಅಂತ ದಾರಿ ತೋರಸ್ತೈತಿ. ದಾರಿ ಹೇಳದ ಬರೇ "ಸೇಫ್ಟಿ, ಆಗಂಗಿಲ್ಲ" ಅಂದ್ರ, ಅಲ್ಲೇ ಗಂಡಸರ ಕೈಯಾಗ ಕಡಗ, ಉಂಗುರ ಅದಾವೇನು ನೋಡ್ರಿ. ನಿಯಮ ಎಲ್ಲಾರಿಗೂ ಒಂದ ಇರಬೇಕು. ರಜೆ ಪಟ್ಟಿ ಕೇಳ್ರಿ, ರಂಜಾನ್, ಕ್ರಿಸ್‌ಮಸ್, ಅಂಬೇಡ್ಕರ್ ಜಯಂತಿಗೆ ಐಚ್ಛಿಕ ರಜೆ ಐತೇನು ಅಂತ. ಕ್ಯಾಂಟೀನಿನಾಗ ಯಾರು ಯಾರ ಜೋಡಿ ಕುಂತು ಉಣ್ತಾರ, ಕಸ ಹೊಡಿಯೋರು ಒಂದ ಪೈಕಿ, ಸೂಪರ್‌ವೈಸರ್ ಎಲ್ಲಾ ಇನ್ನೊಂದ ಪೈಕಿ ಇದ್ದಾರೇನು, ಅದನ್ನೂ ಕಣ್ಣಾಗ ಇಟ್ಕೋರಿ. ಸಂದರ್ಶನದಾಗ "ಯಾವ ಓಣಿ, ಯಾರ ಪೈಕಿ" ಅಂತ ಕೇಳಿದ್ರ ಸಿಟ್ಟಿಗೇಳಬ್ಯಾಡ್ರಿ, "ಕೊಪ್ಪಳದವಳು ಸರ್" ಅಂದು ಕೆಲಸದ ಮಾತಿಗೆ ಬರಬೇಕು. ಮದುವಿ ಯಾವಾಗ ಅಂದ್ರೂ ಅಷ್ಟ. ಮತ್ತ ಕಂಪನಿ ಹಾಸ್ಟೆಲ್ ಐತೇನು ಕೇಳೋದು ಮರೀಬ್ಯಾಡ್ರಿ. ಹೆಸರು ಕೇಳಿ ಬಾಡಿಗಿ ಮನಿ ಕೊಡದ ಊರಾಗ ಹಾಸ್ಟೆಲ್ ಇಲ್ಲಂದ್ರ ಕೆಲಸ ಸಿಕ್ಕೂ ಬಿಡಬೇಕಾಗ್ತೈತಿ.

ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಟ್ಕೋತೀವಿ, ಖಾಲಿ ಚೆಕ್ ಕೊಡ್ರಿ ಅಂದಲ್ಲಿಂದ ಎದ್ದು ಬರ್ರಿ. ಆಫರ್ ಬಂದ ಮ್ಯಾಲೆ ಇಬ್ಬರೂ ಅದರ ಫೋಟೋ ಗ್ರೂಪಿಗೆ ಹಾಕಬ್ಯಾಡ್ರಿ, ನನಗ ಬ್ಯಾರೆ ಕಳಸ್ರಿ. ಮಾಲಕನ ಹೆಸರು, ಪಿಎಫ್ ಕಡಿತ, ನೋಟಿಸ್ ಅವಧಿ ಮೂರೂ ಕೂಡಿ ನೋಡೋಣ, ಆಮ್ಯಾಲೆ ಸಹಿ.